ದಿಕ್ಕು ಹುಡುಕುವ ಪದವೀಧರರ ಬಗ್ಗೆ ಕಡಿಮೆ ಖರ್ಚಿನ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಲೆಕ್ಕಗಳನ್ನು ಸುಮಾರು 110 ನಿಮಿಷದ, 30 ಲಕ್ಷ ರೂಪಾಯಿ ಆಸುಪಾಸಿನ ಕನ್ನಡ ಚಿತ್ರಕ್ಕೆಂದು ಹಾಕಲಾಗಿದೆ. ಡಿಗ್ರಿ ಮುಗಿಸಿ ಮುಂದೇನೆಂದು ತೋಚದ ನಾಲ್ವರು, ಒಂದು ಊರು, ಒಂದು ವರ್ಷ. ಊರು ಧಾರವಾಡ ಎಂದಿಟ್ಟುಕೊಂಡಿದ್ದೇವೆ, ಏಕೆಂದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಸಪ್ತಾಪುರದ ರೂಮುಗಳಲ್ಲಿ ತುಂಬಿಕೊಂಡಿರುವ ಊರು ಅದು. ನೀವು ಹಾಸನದಲ್ಲೋ ಕಲಬುರಗಿಯಲ್ಲೋ ತೆಗೆಯುವುದಾದರೆ ಮಾತು, ಮಳೆ, ಬಾಡಿಗೆ ಬದಲಾಗುತ್ತವೆ. ಲೆಕ್ಕ ಹಾಕುವ ಕ್ರಮ ಇದೇ.

ಇಂಥ ಕಥೆಯಲ್ಲಿ ಏನೂ ನಡೆಯುವುದೇ ಇಲ್ಲವಲ್ಲ, ಪ್ರೇಕ್ಷಕರನ್ನು ಎರಡು ಗಂಟೆ ಕೂರಿಸುವುದು ಹೇಗೆ?

ಏನೂ ನಡೆಯುವುದಿಲ್ಲ ಅನ್ನುವುದು ದೂರದಿಂದ ನೋಡಿದವರ ಮಾತು. ನಮ್ಮಲ್ಲಿ ಡಿಗ್ರಿ ಮುಗಿಸಿದ ಹುಡುಗ ಸುಮ್ಮನೆ ಅಲೆಯುತ್ತಿರುವುದಿಲ್ಲ, ಕಾಯುತ್ತಿರುತ್ತಾನೆ. ಕಾಯುವುದಕ್ಕೆ ದಿನಾಂಕಗಳಿರುತ್ತವೆ: ಅರ್ಜಿ ಹಾಕಲು ಕೊನೆಯ ದಿನ, ಹಾಲ್ ಟಿಕೆಟ್, ಕೀ ಉತ್ತರ, ತಾತ್ಕಾಲಿಕ ಪಟ್ಟಿ, ತಡೆಯಾಜ್ಞೆ, ರೂಮಿನ ಬಾಡಿಗೆ, ವಯೋಮಿತಿ. ಈ ದಿನಾಂಕಗಳೇ ನಿಮ್ಮ ಕಥೆಯ ಬೆನ್ನೆಲುಬು.

ಆದ್ದರಿಂದ ಮೊದಲು ಕಥೆ ನಡೆಯುವ ವರ್ಷ ನಿಗದಿಮಾಡಿ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅಕ್ರಮ ಬಯಲಾಗಿ 2022ರ ಏಪ್ರಿಲ್ ಕೊನೆಯಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಮೊದಲ ಸಲ ಬರೆದಾಗ 23 ವರ್ಷವಿದ್ದವನು ಎರಡನೆಯ ಸಲ ಕೂರುವ ಹೊತ್ತಿಗೆ 25 ದಾಟಿರುತ್ತಾನೆ. ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಶುರುವಾದದ್ದು 2024ರ ಜನವರಿ 12ರಂದು, ಶಿವಮೊಗ್ಗದಲ್ಲಿ: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 2 ವರ್ಷ. ಅದು 2022-23ರಲ್ಲಿ ಮತ್ತು ಆಮೇಲೆ ಪಾಸಾದವರಿಗೆ. ಅಂದರೆ ಒಂದೇ ರೂಮಿನಲ್ಲಿ ಕಿರಿಯನಿಗೆ ಹಣ ಬರುತ್ತದೆ, 2021ರಲ್ಲಿ ಮುಗಿಸಿದ ಹಿರಿಯನಿಗೆ ಬರುವುದಿಲ್ಲ. ತಿಂಗಳ ಸಾಮಾನಿನ ಲೆಕ್ಕ ಹಾಕುವ ಒಂದು ದೃಶ್ಯಕ್ಕೆ ಇಷ್ಟು ಸಾಕು, ಭಾಷಣ ಬೇಡ. 2024ರ ಅಕ್ಟೋಬರ್ ಕೊನೆಯಲ್ಲಿ, ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿತು. ಕಥೆ ಆ ಚಳಿಗಾಲದಲ್ಲಿ ನಡೆಯುವುದಾದರೆ ನಿಮ್ಮ ಪಾತ್ರಗಳು ಇಲ್ಲದ ಪರೀಕ್ಷೆಗೆ ಓದುತ್ತಿರುತ್ತವೆ.

ಗೋಡೆಗೆ 12 ತಿಂಗಳ ಕ್ಯಾಲೆಂಡರ್ ಅಂಟಿಸಿ ಪ್ರತಿ ಪಾತ್ರಕ್ಕೆ ನಾಲ್ಕು ಸಾಲು ಎಳೆಯಿರಿ: ಪರೀಕ್ಷೆ, ರೊಕ್ಕ, ಮನೆ, ಗೆಳೆತನ. ಒಂದು ದೃಶ್ಯ ಮುಗಿದಾಗ ಈ ನಾಲ್ಕರಲ್ಲಿ ಒಂದಾದರೂ ಬದಲಾಗಿರಬೇಕು. ಬದಲಾಗದಿದ್ದರೆ ಆ ದೃಶ್ಯ ಕಿತ್ತುಹಾಕಿ, ಎಷ್ಟೇ ಚೆಂದದ ಮಾತಿದ್ದರೂ ಸರಿ.

ಹೊಸಬರ ಚಿತ್ರಕಥೆಗಳಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಚಹಾದಂಗಡಿ. ನಾಲ್ವರು ಕೂತು ಮಾತಾಡುವ ಆರು ದೃಶ್ಯ, ಆರರಲ್ಲೂ ಅದೇ ನಿಟ್ಟುಸಿರು. ಒಂದೋ ಎರಡೋ ಉಳಿಸಿ, ಮಿಕ್ಕವಲ್ಲಿ ಕೈಗೆ ಕೆಲಸ ಕೊಡಿ: ಸೈಬರ್ ಸೆಂಟರಿನಲ್ಲಿ ಓಟಿಪಿ ಬರುತ್ತಿಲ್ಲ, ಫೋಟೊದ ಸೈಜು ಹೆಚ್ಚಾಗಿ ಅಪ್‌ಲೋಡ್ ಆಗುತ್ತಿಲ್ಲ, ಜಾತಿ ಪ್ರಮಾಣಪತ್ರದಲ್ಲಿ ಹೆಸರಿನ ಒಂದಕ್ಷರ ತಪ್ಪಿದೆ, ಕೊನೆಯ ದಿನ ಸರ್ವರ್ ಮಲಗಿದೆ. ಜಗಳ, ಪ್ರೀತಿ, ಸುಳ್ಳು ಎಲ್ಲ ಆ ಕೆಲಸದ ನಡುವೆಯೇ ಹೊರಬರಲಿ.

ಕೊನೆಗೆ ದಿಕ್ಕು ಸಿಕ್ಕಿತೆಂದು ತೋರಿಸುವುದು ಹೇಗೆ?

ಸಾವಯವ ಕೃಷಿ, ಸ್ಟಾರ್ಟಪ್, ಯೂಟ್ಯೂಬ್ ಚಾನೆಲ್ ಈ ಮೂರನ್ನೂ ದಯವಿಟ್ಟು ಬಿಡಿ. ನಿವೃತ್ತ ಮೇಷ್ಟ್ರು ಕೆರೆ ದಂಡೆಯಲ್ಲಿ ಬುದ್ಧಿ ಹೇಳುವುದನ್ನೂ ಬಿಡಿ.

ದಿಕ್ಕು ಎಂದರೆ ತೆರೆಯ ಮೇಲೆ ಒಂದು ಸಣ್ಣ ನಿರ್ಧಾರ, ಅದಕ್ಕೆ ತೆರಬೇಕಾದ ಬೆಲೆ. ಇನ್ನೂ ವಯಸ್ಸಿರುವಾಗಲೇ ಪರೀಕ್ಷೆ ಬಿಡುವುದು ಮತ್ತು ಅದನ್ನು ಊರಿಗೆ ಫೋನು ಮಾಡಿ ಹೇಳುವುದು ಒಂದು ನಿರ್ಧಾರ. ಬಿಡದೆ ಇನ್ನೊಂದು ವರ್ಷ ಕೂರುತ್ತೇನೆ ಎನ್ನುವುದೂ ನಿರ್ಧಾರವೇ. ಪಾತ್ರಕ್ಕೊಂದು ಕೈಕಸುಬಿದ್ದರೆ ಅದನ್ನು ಮೊದಲೇ ಬಿತ್ತಿರಬೇಕು. ಉದಾಹರಣೆಗೆ, ನಾಲ್ವರಲ್ಲಿ ಒಬ್ಬಳು 20ನೇ ನಿಮಿಷದಲ್ಲಿ ರೂಮ್‌ಮೇಟಿಗೆ ಗಣಿತದ ಒಂದು ಲೆಕ್ಕ ಬಿಡಿಸಿ ತೋರಿಸುತ್ತಾಳೆ, 55ರಲ್ಲಿ ಮನೆ ಮಾಲೀಕರ ಮಗನಿಗೆ ಹೇಳಿಕೊಡುತ್ತಾಳೆ, 85ರಲ್ಲಿ ಅದಕ್ಕೆ ಹಣ ಬೇಡುತ್ತಾಳೆ. ಮೂರನೆಯದೇ ತಿರುವು. ಹಣ ಕೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂಬುದು ಮುಖದಲ್ಲಿ ಕಂಡರೆ ಕೆಲಸ ಆಯಿತು.

ನಾಲ್ವರಲ್ಲಿ ಒಬ್ಬರಿಗಾದರೂ ಏನೂ ಸಿಗದಿರಲಿ. ನಾಲ್ವರಿಗೂ ಸಿಕ್ಕರೆ ನೋಡುವವರು ನಂಬುವುದಿಲ್ಲ.

ಎಷ್ಟು ಪಾತ್ರ, ಎಷ್ಟು ಜಾಗ?

ಮಾತಿರುವ ಪಾತ್ರ 12, ಮುಖ್ಯವಾದವು 4. ದೃಶ್ಯ ಸುಮಾರು 75. ಜಾಗ 9 ಅಥವಾ 10, ಅದರಲ್ಲಿ 3 ಜಾಗಗಳಲ್ಲೇ ಅರ್ಧ ಚಿತ್ರ ಮುಗಿಯಬೇಕು: ರೂಮು, ಓದುವ ಲೈಬ್ರರಿ, ಖಾನಾವಳಿ. ಈ ಮೂರೂ ಒಂದೇ ಬೀದಿಯಲ್ಲಿದ್ದರೆ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ. ಜಾಗ ಬದಲಿಸುವುದೆಂದರೆ ಸಾಮಾನು ಕಟ್ಟಿ, ಸಾಗಿಸಿ, ಬಿಚ್ಚಿ, ಮತ್ತೆ ಲೈಟು ಕೂಡಿಸಬೇಕು. ಚಿಕ್ಕ ತಂಡಕ್ಕೂ ಒಂದೂವರೆ ಗಂಟೆ ಬೇಕು.

ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಒಂದು ನಿಮಿಷ ಎನ್ನುತ್ತಾರೆ, ನಂಬಬಹುದೇ?

ಕನ್ನಡದಲ್ಲಿ ನಂಬಬೇಡಿ. ಆ ಲೆಕ್ಕ ಇಂಗ್ಲಿಷ್ ಟೈಪ್‌ರೈಟರ್ ಅಕ್ಷರದ್ದು. ಕನ್ನಡದಲ್ಲಿ ಫಾಂಟು, ಒತ್ತಕ್ಷರ, ಸಾಲಿನ ಅಂತರ ಎಲ್ಲವೂ ಪುಟವನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ನಾಲ್ವರು ಕೂತು ಇಡೀ ಚಿತ್ರಕಥೆಯನ್ನು ಗಟ್ಟಿಯಾಗಿ ಓದಿ, ನಡೆಯುವ, ಕಾಯುವ, ಬಾಗಿಲು ತೆರೆಯುವ ಹೊತ್ತನ್ನೂ ಸೇರಿಸಿ ದೃಶ್ಯವಾರು ನಿಮಿಷ ಬರೆದಿಡಿ. 130 ನಿಮಿಷ ಬಂದರೆ ಕತ್ತರಿ ಕಾಗದದ ಮೇಲೆಯೇ ಆಡಲಿ. ಚಿತ್ರೀಕರಿಸಿ ಆಮೇಲೆ ಬಿಸಾಡುವ 20 ನಿಮಿಷ ಎಂದರೆ ನಾಲ್ಕು ದಿನದ ಕೂಲಿ.

ನಿಜಕ್ಕೂ ಎಷ್ಟು ಖರ್ಚಾಗುತ್ತದೆ?

24 ದಿನದ ಚಿತ್ರೀಕರಣಕ್ಕೆ ಒಂದು ಮಾದರಿ ಅಂದಾಜು. ನಿಮ್ಮೂರಿನ ದರ ಹಾಕಿ ತಿದ್ದಿಕೊಳ್ಳಿ.

ಕ್ಯಾಮೆರಾ, ಲೆನ್ಸ್, ಲೈಟು ಬಾಡಿಗೆ ದಿನಕ್ಕೆ 15,000ದಂತೆ 3.60 ಲಕ್ಷ. ಧ್ವನಿಗ್ರಹಣಕ್ಕೆ ಇಬ್ಬರು ಮತ್ತು ಉಪಕರಣ, ದಿನಕ್ಕೆ 9,000ದಂತೆ 2.16 ಲಕ್ಷ. ಊಟ, ತಿಂಡಿ, ಚಹಾ 22 ಜನಕ್ಕೆ 26 ದಿನ, ತಲೆಗೆ 350ರಂತೆ 2 ಲಕ್ಷ. ಹೊರಗಿನಿಂದ ಬಂದವರಿಗೆ ಎರಡು ಬಾಡಿಗೆ ಮನೆ 80,000. ಓಡಾಟ 1.50 ಲಕ್ಷ. ತಂತ್ರಜ್ಞರ ಸಂಭಾವನೆ 5.50 ಲಕ್ಷ, ನಟರದು 3 ಲಕ್ಷ. ಕಲೆ ಮತ್ತು ಬಟ್ಟೆ 1.25 ಲಕ್ಷ, ಜಾಗಗಳಿಗೆ 1.25 ಲಕ್ಷ, ಹಾರ್ಡ್‌ಡಿಸ್ಕ್ 60,000. ಸಂಕಲನ ಮತ್ತು ಬಣ್ಣ 2.25 ಲಕ್ಷ, ಧ್ವನಿ ವಿನ್ಯಾಸ ಮತ್ತು ಮಿಕ್ಸಿಂಗ್ 2.75 ಲಕ್ಷ, ಸಂಗೀತ 1.50 ಲಕ್ಷ, ಸಬ್‌ಟೈಟಲ್, ಡಿಸಿಪಿ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ), ಸೆನ್ಸಾರ್ ಸೇರಿ 1 ಲಕ್ಷ. ಒಟ್ಟು 29.16 ಲಕ್ಷ. ಅದರ ಮೇಲೆ ಶೇ 10 ಕೈಮೀಸಲು ಇಟ್ಟರೆ 32 ಲಕ್ಷ.

ಪ್ರಚಾರ ಇದರಲ್ಲಿಲ್ಲ. ಬಹುತೇಕ ತಂಡಗಳು ಎಡವುವುದು ಹೀಗೆ: ಎಲ್ಲ ಹಣವನ್ನೂ ಚಿತ್ರೀಕರಣಕ್ಕೆ ಸುರಿದು, ಮಿಕ್ಸಿಂಗ್‌ಗೆ ಬರುವಷ್ಟರಲ್ಲಿ ಕೈ ಖಾಲಿ. ಸಂಕಲನದಿಂದ ಡಿಸಿಪಿವರೆಗಿನ ಏಳೂವರೆ ಲಕ್ಷವನ್ನು ಬೇರೆ ಖಾತೆಯಲ್ಲಿಡಿ, ಚಿತ್ರೀಕರಣ ನಡೆಯುವಾಗ ಅದನ್ನು ಮುಟ್ಟುವ ಅಧಿಕಾರ ನಿರ್ದೇಶಕರಿಗಿರದಿರಲಿ. ಬಾಡಿಗೆಯ ದರ ಕೇಳುವಾಗ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಎಂದು ಅಲ್ಲೇ ಕೇಳಿ ಬರೆಸಿಕೊಳ್ಳಿ.

ಊಟದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಕಡಿಮೆ ಸಂಬಳಕ್ಕೆ ಬಂದವರು ತಡವಾದ ಊಟವನ್ನು ಕ್ಷಮಿಸುವುದಿಲ್ಲ.

ಜನರಿಂದ ಹಣ ಸಂಗ್ರಹಿಸಬಹುದೇ?

ಕನ್ನಡದಲ್ಲಿ ದಾರಿ ತೋರಿಸಿದ್ದು 2013ರ ‘ಲೂಸಿಯಾ’. ಸುಮಾರು 50 ಲಕ್ಷ ರೂಪಾಯಿ ನೂರಕ್ಕೂ ಹೆಚ್ಚು ಜನರಿಂದ ಬಂತು. ಅದನ್ನು ನೋಡಿ ಅನೇಕರು ಮಾಡುವ ತಪ್ಪೆಂದರೆ ವಾಟ್ಸಾಪಿನಲ್ಲಿ ‘ಹಣ ಹಾಕಿ, ಲಾಭದಲ್ಲಿ ಪಾಲು’ ಎಂದು ಬರೆಯುವುದು. ಪ್ರತಿಫಲದ ಭರವಸೆ ಕೊಟ್ಟು ಸಾರ್ವಜನಿಕರಿಂದ ಹಣ ಪಡೆಯುವುದಕ್ಕೆ ಕಂಪನಿ ಕಾಯ್ದೆಯ ಕಟ್ಟುಪಾಡುಗಳಿವೆ, 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯೂ ಇದೆ. ಸುರಕ್ಷಿತ ದಾರಿ ಎರಡು: ಲಾಭದ ಮಾತಿಲ್ಲದೆ, ಟಿಕೆಟ್ಟು, ಕೃತಜ್ಞತೆಯ ಪಟ್ಟಿಯಲ್ಲಿ ಹೆಸರು ಇಷ್ಟಕ್ಕೇ ನಿಲ್ಲುವ ಸಹಾಯಧನ, ಇಲ್ಲವೇ ಹತ್ತು ಹನ್ನೆರಡು ಜನರ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ. ಮೊದಲ ರೂಪಾಯಿ ಬರುವ ಮುಂಚೆಯೇ ಲೆಕ್ಕಪರಿಶೋಧಕರನ್ನು ಕಾಣಿ.

ಯಾವ ಕ್ಯಾಮೆರಾ?

ಈ ಪ್ರಶ್ನೆಗೆ ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. 10-ಬಿಟ್ ಲಾಗ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ದಾಖಲೆ) ಕೊಡುವ ಯಾವ ಮಿರರ್‌ಲೆಸ್ ಕ್ಯಾಮೆರಾ ಆದರೂ ನಡೆಯುತ್ತದೆ. 24, 35, 50 ಮಿಮೀ ಮೂರು ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಸಾಕು. 10×12 ಅಡಿ ರೂಮಿನಲ್ಲಿ ನಾಲ್ವರನ್ನು ಹಿಡಿಯಲು 24 ಬೇಕೇ ಬೇಕು.

ಗಮನಿಸಬೇಕಾದ್ದು ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಸ್. ಸೆಕೆಂಡಿಗೆ 24 ಫ್ರೇಮಿನಲ್ಲಿ ಶಟರನ್ನು 1/50 ಸೆಕೆಂಡಿಗೆ, ಅಂದರೆ 172.8 ಡಿಗ್ರಿಗೆ ಇಟ್ಟರೆ ಟ್ಯೂಬ್‌ಲೈಟು ಮಿನುಗುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬು ಆಗಲೂ ಪಟ್ಟೆ ಬರಿಸಬಹುದು, ಮುಖ್ಯವಾಗಿ ಡಿಮ್ಮರ್ ಹಾಕಿದಾಗ. ಲೈಬ್ರರಿಯ ಬಲ್ಬುಗಳನ್ನು ಮೊದಲೇ ಪರೀಕ್ಷಿಸಿ, ಕೆಟ್ಟವನ್ನು ನೀವೇ ಬದಲಿಸಿ. ಹತ್ತು ಬಲ್ಬಿನ ಖರ್ಚು ಬಣ್ಣ ತಿದ್ದುವವರ ಒಂದು ಗಂಟೆಗಿಂತ ಕಡಿಮೆ.

ಡಬ್ಬಿಂಗ್ ಅಗ್ಗವಲ್ಲವೇ? ಸಿಂಕ್ ಸೌಂಡ್ ಏಕೆ?

ಈ ಬಗೆಯ ಚಿತ್ರಕ್ಕೆ ಸಿಂಕ್ ಸೌಂಡೇ, ಅಂದರೆ ಚಿತ್ರೀಕರಿಸುವಾಗಲೇ ಮಾತನ್ನೂ ಹಿಡಿಯುವುದು. ನಟರಲ್ಲಿ ಅರ್ಧಕ್ಕರ್ಧ ಜನ ಹೊಸಬರು, ಸ್ಟುಡಿಯೊದಲ್ಲಿ ತುಟಿ ನೋಡಿಕೊಂಡು ಮಾತಾಡುವಾಗ ಅವರ ಧಾಟಿ ಸತ್ತುಹೋಗುತ್ತದೆ. ಮಾತು ಒಂದರ ಮೇಲೊಂದು ಬೀಳುವ ರೂಮಿನ ದೃಶ್ಯಗಳನ್ನು ಡಬ್ ಮಾಡುವುದು ಹಳಬರಿಗೂ ಕಷ್ಟ.

ಜಾಗ ನೋಡಲು ಹೋಗುವಾಗ ಚಿತ್ರೀಕರಣದ ಹೊತ್ತಿಗೇ ಹೋಗಿ, ಧ್ವನಿಯವರನ್ನು ಕರೆದೊಯ್ಯಿರಿ. ಭಾನುವಾರ ಮಧ್ಯಾಹ್ನ ಶಾಂತವಾಗಿದ್ದ ಬೀದಿಯಲ್ಲಿ ಸೋಮವಾರ ಬೆಳಗ್ಗೆ ಶಾಲೆಯ ಪ್ರಾರ್ಥನೆ, ನೀರಿನ ಮೋಟರು, ವೆಲ್ಡಿಂಗ್ ಅಂಗಡಿ. ಯಾವ ಸದ್ದು ಯಾವ ಹೊತ್ತಿಗೆಂದು ಪಟ್ಟಿ ಮಾಡಿ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿ. ಮುಖ್ಯರಸ್ತೆಗೆ ಹತ್ತಿರವಿದ್ದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹಾದುಹೋಗುವ ಸದ್ದನ್ನು ಬೇರೆಯಾಗಿ ಹಿಡಿದಿಟ್ಟುಕೊಳ್ಳಿ. ಮಾತಿನ ನಡುವೆ ಬಂದರೆ ಪೀಡೆ, ಸಂಕಲನದಲ್ಲಿ ಬೇಕೆಂದಲ್ಲಿ ಹಾಕಿಕೊಂಡರೆ ಊರು.

ಬೂಮ್ (ಕೋಲಿಗೆ ಕಟ್ಟಿದ ಮೈಕ್) ಒಂದು, ಕಾಲರ್ ಮೈಕ್ ನಾಲ್ಕು, 48 ಕಿಲೊಹರ್ಟ್ಸ್, 24 ಬಿಟ್. ರೆಕಾರ್ಡರಿನ ಮೀಟರಿನಲ್ಲಿ ಮಾತು ಸರಾಸರಿ ಮೈನಸ್ 20 ಡೆಸಿಬಲ್ ಸುತ್ತ ಇರಲಿ, ಕೂಗು ಮೈನಸ್ 6 ದಾಟದಿರಲಿ. ಪಾಲಿಯೆಸ್ಟರ್ ಅಂಗಿ ಕಾಲರ್ ಮೈಕಿಗೆ ಉಜ್ಜಿ ಕರಕರ ಅನ್ನುತ್ತದೆ, ಹತ್ತಿಯದೇ ಹೊಲಿಸಿ. ಫ್ಯಾನು ನಿಲ್ಲಿಸಲೇಬೇಕು. ಫ್ರಿಜ್ಜಿನ ಪ್ಲಗ್ ತೆಗೆದರೆ ವಾಹನದ ಕೀಲಿಯನ್ನು ಅದರೊಳಗಿಡಿ. ಪ್ಲಗ್ ಹಾಕುವುದು ಮರೆತು ಯಾರೂ ಹೊರಡಲಾರರು. ಪ್ರತಿ ಜಾಗದಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು ನಿಂತು 60 ಸೆಕೆಂಡು ಬರಿಯ ಮೌನ ಹಿಡಿಯಿರಿ, ಸಂಕಲನದಲ್ಲಿ ಮಾತಿನ ನಡುವೆ ತುಂಬಲು ಬೇಕಾಗುತ್ತದೆ. ಒಂದು ಮಾತು ಕೆಟ್ಟಿದ್ದರೆ ಶಾಟ್ ಮುಗಿದ ತಕ್ಷಣ ಅಲ್ಲೇ, ಕ್ಯಾಮೆರಾ ಇಲ್ಲದೆ, ಮೂರು ಸಲ ಹೇಳಿಸಿ.

ಧಾರವಾಡದ ಮಾತನ್ನು ಬೆಂಗಳೂರಿನ ನಟರು ಆಡಬಹುದೇ?

ಎರಡು ತಿಂಗಳು ಅಲ್ಲಿ ಇದ್ದು ಕಲಿತರೆ ಆಡಬಹುದು. ‘ಆತು’, ‘ರೊಕ್ಕ’, ‘ಲೇ’ ಸಿಕ್ಕಿಸಿದ ಮಾತ್ರಕ್ಕೆ ಭಾಷೆ ಬರುವುದಿಲ್ಲ, ವಾಕ್ಯದ ಕೊನೆಯ ಎಳೆತ ಬರಬೇಕು. ಅದಕ್ಕಿಂತ ಸುಲಭ: ಕಾಲೇಜು ನಾಟಕ ತಂಡಗಳಿಂದ, ಹವ್ಯಾಸಿ ರಂಗದಿಂದ ಅಲ್ಲಿಯವರನ್ನೇ ಆರಿಸುವುದು. ಪದವೀಧರರು ಒಂದೇ ಊರಿನವರಾಗಿರಬೇಕಿಲ್ಲ. ಬೀದರಿನವನೊಬ್ಬ, ಶಿರಸಿಯವಳೊಬ್ಬಳು ಇದ್ದರೆ ಅವರವರ ಮಾತೇ ಇರಲಿ, ಆ ರೂಮುಗಳು ಇರುವುದೂ ಹಾಗೆಯೇ. ತಾಯಿಯ ಫೋನು ಹೀಗಿದ್ದರೆ ಸಾಕು:

‘ಊಟಾ ಆತೇನ?’
‘ಹೂಂ ಅವ್ವಾ.’
‘ರಿಸಲ್ಟ್ ಯಾವಾಗಂತ?’
‘ಬರ್ತೈತಿ.’
‘ರೊಕ್ಕ ಹಾಕಸ್ಲೇನ?’

ಇಲ್ಲಿ ಪ್ರೇಕ್ಷಕರನ್ನು ಅಳಿಸಲು ಹೋಗಬೇಡಿ.

ಯಾವ ತಿಂಗಳು, ದಿನಕ್ಕೆ ಎಷ್ಟು?

ನವೆಂಬರ್ ನಡುವಿನಿಂದ ಫೆಬ್ರುವರಿವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ. ಕಂಟಿನ್ಯುಟಿಯೂ (ಶಾಟಿನಿಂದ ಶಾಟಿಗೆ ಇರಬೇಕಾದ ಹೊಂದಿಕೆ) ಕೆಡುತ್ತದೆ, ತಗಡಿನ ಮೇಲಿನ ಸದ್ದಿನಿಂದ ಮಾತೂ ಕೆಡುತ್ತದೆ. ಮಾರ್ಚ್ ಆದಮೇಲೆ ಫ್ಯಾನಿಲ್ಲದ ರೂಮಿನಲ್ಲಿ ನಟರ ಮುಖ ಹತ್ತು ನಿಮಿಷಕ್ಕೆ ಬೆವರುತ್ತದೆ. 110 ನಿಮಿಷವನ್ನು 24 ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕೂವರೆ ನಿಮಿಷ. ಆರು ದಿನಕ್ಕೊಂದು ರಜೆ. ಕಷ್ಟದ ದೃಶ್ಯಗಳು ಮೊದಲ ವಾರಕ್ಕೂ ಬೇಡ, ಕೊನೆಯ ವಾರಕ್ಕೂ ಬೇಡ. ಕಥೆಯಲ್ಲಿ ವರ್ಷ ಕಳೆಯಬೇಕಲ್ಲ ಎಂದರೆ ಗಡ್ಡ, ಕೂದಲು, ಗೋಡೆಯ ವೇಳಾಪಟ್ಟಿ, ಸ್ವೆಟರು ಸಾಕು. ಮಳೆಯ ಒಂದೇ ದಿನವನ್ನು ಮೂವರ ತಂಡ ಹಿಂದಿನ ಜುಲೈನಲ್ಲಿ ಹಿಡಿದಿಟ್ಟಿರಲಿ.

ಅನುಮತಿ ಎಲ್ಲೆಲ್ಲಿ ಬೇಕು?

ರೈಲು ನಿಲ್ದಾಣಕ್ಕೆ ರೈಲ್ವೆಯ ಮುಂಗಡ ಅನುಮತಿ, ಶುಲ್ಕ ಎರಡೂ ಬೇಕು. ಒಂದು ದೃಶ್ಯಕ್ಕಾಗಿ ಅಷ್ಟು ದುಡ್ಡು ಬೇಡ, ಬೀಳ್ಕೊಡುಗೆ ರಸ್ತೆಬದಿಯ ನಿಲುಗಡೆಯಲ್ಲಿ ಆಗಲಿ. ಬಸ್ ನಿಲ್ದಾಣವಾದರೆ ವಾಯವ್ಯ ಸಾರಿಗೆ ಸಂಸ್ಥೆಯನ್ನು ಕೇಳಬೇಕು. ವಿಶ್ವವಿದ್ಯಾಲಯದ ಆವರಣಕ್ಕೆ ಕುಲಸಚಿವರ ಕಚೇರಿಗೆ ಅರ್ಜಿ. ರಸ್ತೆಯಲ್ಲಾದರೆ ಠಾಣೆಗೆ ಪತ್ರ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಪ್ರತಿಯನ್ನು ಸೆಟ್ಟಿನಲ್ಲಿ ಇಟ್ಟಿರಿ. 250 ಗ್ರಾಂ ಒಳಗಿನ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡವಾದರೂ ಹಾರಾಟ ನಿಷೇಧವಿರುವ ವಲಯವೇ ಎಂದು ನಕ್ಷೆ ನೋಡಬೇಕು. ನಾಯಿ, ಎಮ್ಮೆ ನಟಿಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಮೊದಲೇ ಬೇಕು. ಆಮೇಲೆ ಕೇಳಿದರೆ ಸೆನ್ಸಾರಿನಲ್ಲಿ ಆ ದೃಶ್ಯಕ್ಕೆ ಕುತ್ತು.

ಪಾತ್ರಗಳು ಸಿಗರೇಟು ಸೇದಬಹುದೇ?

ಸೇದಬಹುದು, ಬೆಲೆ ಹೀಗಿದೆ: ಚಿತ್ರದ ಆರಂಭಕ್ಕೂ ಮಧ್ಯಂತರಕ್ಕೂ 30 ಸೆಕೆಂಡಿನ ತಂಬಾಕು ವಿರೋಧಿ ತುಣುಕು ಮತ್ತು 20 ಸೆಕೆಂಡಿನ ಘೋಷಣೆ, ತೆರೆಯ ಮೇಲೆ ತಂಬಾಕು ಕಾಣುವಷ್ಟು ಹೊತ್ತೂ ಕೆಳಗೆ ಎಚ್ಚರಿಕೆಯ ಸಾಲು. ಬ್ರಾಂಡ್ ಕಾಣುವಂತಿಲ್ಲ. ಹಿನ್ನೆಲೆಯಲ್ಲಿ ಯಾರೋ ಸೇದಿದರೂ, ಪಾನ್‌ಶಾಪಿನ ಗುಟ್ಕಾ ಮಾಲೆ ಕಂಡರೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ನಿಮಿಷದ ಭಾವುಕ ದೃಶ್ಯದುದ್ದಕ್ಕೂ ಆ ಸಾಲು ಕೂತಿರುವುದು ನಿಮಗೆ ಇಷ್ಟವಿಲ್ಲದಿದ್ದರೆ ಕೈಗೆ ಶೇಂಗಾ ಕೊಡಿ.

ದೃಶ್ಯದಲ್ಲಿ ಟಿವಿಯಲ್ಲಿ ಹಳೆಯ ಹಾಡು ಬಂದರೆ? ಏಳು ಸೆಕೆಂಡಿನವರೆಗೆ ಪರವಾಗಿಲ್ಲವಂತೆ.

ಅಂಥ ಕಾನೂನಿಲ್ಲ. ಮೂರು ಸೆಕೆಂಡಾದರೂ ಧ್ವನಿಮುದ್ರಿಕೆ ಕಂಪನಿಯ ಒಪ್ಪಿಗೆ ಬೇಕು. ಪಾತ್ರ ಗುನುಗಿದರೂ ಸಾಹಿತ್ಯ ಮತ್ತು ಸ್ವರದ ಹಕ್ಕಿನ ಪ್ರಶ್ನೆ ಬರುತ್ತದೆ. ಫೋನಿನ ರಿಂಗ್‌ಟೋನನ್ನೂ ಮರೆಯಬೇಡಿ. ನಿಮ್ಮ ಸಂಗೀತಗಾರರಿಂದಲೇ ‘ಹಳೆಯ ಹಾಡು’ ಒಂದನ್ನು ಮಾಡಿಸಿಕೊಳ್ಳಿ.

ಗೆಳೆಯರು ಬಿಟ್ಟಿ ಕೆಲಸ ಮಾಡುತ್ತಿದ್ದಾರೆ, ಅವರೊಂದಿಗೂ ಕರಾರು ಬೇಕೇ?

ಅವರೊಂದಿಗೇ ಮೊದಲು ಬೇಕು. ಕಥೆ, ಸಂಭಾಷಣೆ, ನಟನೆ, ಸಂಗೀತ, ಜಾಗ ಪ್ರತಿಯೊಂದಕ್ಕೂ ಒಂದು ಪುಟ: ಏನು ಕೊಡುತ್ತಿದ್ದಾರೆ, ಎಷ್ಟಕ್ಕೆ, ಯಾವ ಯಾವ ಮಾಧ್ಯಮದ ಹಕ್ಕು, ಹೆಸರು ಎಲ್ಲಿ ಬರಬೇಕು. ಸೊನ್ನೆ ಸಂಬಳವಾದರೆ ಲಾಭ ಬಂದಾಗ ಎಷ್ಟು ಎಂದೂ ಬರೆಯಿರಿ. ಒಟಿಟಿಯವರು ಮೊದಲು ಕೇಳುವುದು ಈ ಕಾಗದಗಳನ್ನೇ. ಒಂದು ಸಹಿ ಇಲ್ಲವೆಂದು ಮಾರಾಟ ನಿಂತಾಗ ಆ ಗೆಳೆಯ ವಿದೇಶದಲ್ಲಿರುತ್ತಾನೆ, ಅಥವಾ ಮಾತು ಬಿಟ್ಟಿರುತ್ತಾನೆ.

ಹಾರ್ಡ್‌ಡಿಸ್ಕ್ ಎಷ್ಟು ಬೇಕು?

ಸೆಕೆಂಡಿಗೆ 400 ಮೆಗಾಬಿಟ್‌ನಲ್ಲಿ ಗಂಟೆಗೆ 180 ಜಿಬಿ. ಚಿತ್ರದ ಒಂದು ನಿಮಿಷಕ್ಕೆ ಎಂಟು ನಿಮಿಷದಂತೆ ತೆಗೆದರೆ ಸುಮಾರು 15 ಗಂಟೆ, 2.7 ಟಿಬಿ. ಮೂರು ಪ್ರತಿ ಇಡಬೇಕು, ಒಂದು ಬೇರೆ ಮನೆಯಲ್ಲಿ. ಅಂದರೆ 4 ಟಿಬಿಯ ಮೂರು ಡಿಸ್ಕ್. ಎರಡು ಪ್ರತಿ ಆಗಿ, ಯಾರಾದರೂ ತೆರೆದು ನೋಡುವ ತನಕ ಕ್ಯಾಮೆರಾದ ಕಾರ್ಡ್ ಅಳಿಸಕೂಡದು. ಅದನ್ನು ಅಳಿಸುವ ಅಧಿಕಾರ ಒಬ್ಬರಿಗೇ ಇರಲಿ.

ಸೆನ್ಸಾರ್, ಡಿಸಿಪಿ, ಬಿಡುಗಡೆ?

ಶೀರ್ಷಿಕೆಯನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಚಿತ್ರೀಕರಣಕ್ಕೆ ಮುಂಚೆಯೇ ನೋಂದಾಯಿಸಿ. ಪೋಸ್ಟರ್ ಮಾಡಿದ ಮೇಲೆ ಅದು ಬೇರೆಯವರದೆಂದು ತಿಳಿದರೆ ಎಲ್ಲ ಮರುಮುದ್ರಣ. ಸೆನ್ಸಾರ್ ಅರ್ಜಿ ಆನ್‌ಲೈನ್, ಇ-ಸಿನಿಪ್ರಮಾಣ್ ಜಾಲತಾಣದಲ್ಲಿ. ಪ್ರಾದೇಶಿಕ ಕಚೇರಿ ಬೆಂಗಳೂರು. ಯು/ಎ (ಚಿಕ್ಕವರು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ವರ್ಗ) ಈಗ 7+, 13+, 16+ ಎಂದು ಮೂರಾಗಿದೆ. ರೂಮಿನ ಹುಡುಗರ ಬೈಗುಳ ಎಷ್ಟಿದೆ ಎನ್ನುವುದರ ಮೇಲೆ ಯಾವುದು ಸಿಗುತ್ತದೆಂಬುದು ನಿಂತಿದೆ. ಟಿವಿಗೆ ಮಾರುವ ಆಸೆಯಿದ್ದರೆ ಚಿತ್ರೀಕರಣದಲ್ಲೇ ಸೌಮ್ಯವಾದ ಇನ್ನೊಂದು ಟೇಕ್ ಇಟ್ಟುಕೊಳ್ಳಿ.

ಡಿಸಿಪಿಯನ್ನು 24 ಫ್ರೇಮಿನಲ್ಲಿ, 1998×1080 ಅಥವಾ 2048×858ರಲ್ಲಿ ಮಾಡಿಸಿ, ಧ್ವನಿ 5.1. ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ನೀವೇ ಮಾಡಬಹುದು, ಆದರೆ ನಿಜವಾದ ಚಿತ್ರಮಂದಿರದಲ್ಲಿ ಬೆಳಗಿನ ಖಾಲಿ ಹೊತ್ತಿನಲ್ಲಿ ಒಮ್ಮೆ ಪೂರ್ತಿ ಓಡಿಸಿ ನೋಡದೆ ಕಳಿಸಬೇಡಿ. 25 ಫ್ರೇಮಿನಲ್ಲಿ ಸಂಕಲನ ಮಾಡಿ ಕೊನೆಗೆ 24ಕ್ಕೆ ತಂದರೆ ಧ್ವನಿ ಜಾರುವುದು, ಸಬ್‌ಟೈಟಲಿನಲ್ಲಿ ಒತ್ತಕ್ಷರ ಒಡೆಯುವುದು ಎರಡೂ ಅಲ್ಲೇ ಗೊತ್ತಾಗುವುದು.

ಚಿತ್ರೋತ್ಸವಕ್ಕೆ ಕಳಿಸುವುದಾದರೆ ಯೂಟ್ಯೂಬಿಗೆ ಹಾಕಬೇಡಿ. ಪ್ರಥಮ ಪ್ರದರ್ಶನ ತಮ್ಮಲ್ಲೇ ಆಗಬೇಕೆನ್ನುವ ಉತ್ಸವಗಳಿವೆ. ಚಿತ್ರಮಂದಿರಕ್ಕೆ ಹೋದರೆ ಪ್ರತಿ ಪರದೆಗೂ ಡಿಜಿಟಲ್ ಪ್ರದರ್ಶನದ ಶುಲ್ಕ ನಿಮ್ಮ ಜೇಬಿನಿಂದ. 80 ಪರದೆಗಿಂತ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಬೆಂಗಳೂರಿನ ವಿಜಯನಗರದ ಕಡೆ 8 ಪರದೆ, ಸಂಜೆಯ ಒಂದೊಂದು ಆಟ ಲೇಸು. ಕೋಚಿಂಗ್ ಕೇಂದ್ರಗಳ ಜನ ಇರುವುದು ಅಲ್ಲೇ, ಅವರು ಬಿಡುವಾಗುವುದು ಆ ಹೊತ್ತಿಗೇ. ದೊಡ್ಡ ಹೆಸರಿಲ್ಲದ ಚಿತ್ರಕ್ಕೆ ಒಟಿಟಿ ಸಾಮಾನ್ಯವಾಗಿ ಮುಂಗಡ ಕೊಡುವುದಿಲ್ಲ, ನೋಡಿದ ಗಂಟೆಗಳ ಮೇಲೆ ಪಾಲು ಕೊಡುತ್ತದೆ.

ಸರ್ಕಾರದ ಸಬ್ಸಿಡಿಯನ್ನು ಬಜೆಟ್ಟಿನಲ್ಲಿ ತೋರಿಸಬಹುದೇ?

ಬೇಡ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಅರ್ಜಿ ಕರೆದ ಮೇಲೆ ಸಮಿತಿ ಚಿತ್ರ ನೋಡಿ ಆಯ್ಕೆ ಮಾಡುತ್ತದೆ, ಹಣ ಅದಕ್ಕೂ ಆಮೇಲೆ. ಸೆನ್ಸಾರ್ ಪತ್ರದ ದಿನಾಂಕ ಯಾವ ವರ್ಷದ ಪಟ್ಟಿಗೆ ಬೀಳುತ್ತದೆಂದು ನೋಡಿಕೊಂಡು ಅರ್ಜಿ ಹಾಕಿ, ಬಂದ ಹಣದಲ್ಲಿ ಮೊದಲು ಗೆಳೆಯರ ಬಾಕಿ ತೀರಿಸಿ.